ಗುಲಗಂಜಿ ಬರೆದ ಶಿಫಾರಸು ಪತ್ರ

ತಕ್ಕಡಿ ರಿಪೇರಿಯವನ ಅಂಗಡಿ ಎಷ್ಟು ಇಕ್ಕಟ್ಟಾಗಿತ್ತೆಂದರೆ, ಒಳಗೆ ಬಂದ ನೊಣ ಮಗ್ಗುಲು ಬದಲಿಸಬೇಕಾದರೆ ಒಮ್ಮೆ ಬೀದಿಗೆ ಹೋಗಿ ಬರಬೇಕಿತ್ತು. ಅಂಥದ್ದರಲ್ಲೂ ಮುನ್ನೂರು ತಕ್ಕಡಿ, ಒಂದು ಲಾರಿಯಷ್ಟು ಹಿತ್ತಾಳೆಯ ತೂಕದ ಬಟ್ಟು, ಒಬ್ಬ ಅಪ್ಪ, ಒಬ್ಬಳು ಮಗಳು ಮತ್ತು ಪೇಟೆಯ ಅರ್ಧದಷ್ಟು ಸತ್ಯ, ಎಲ್ಲವೂ ಅಲ್ಲಿ ಹೇಗೋ ಹಿಡಿಸಿದ್ದವು. ಉಳಿದರ್ಧ ಸತ್ಯ ಎಲ್ಲಿತ್ತೋ ಗೊತ್ತಿಲ್ಲ. ಪಕ್ಕದ ಅಂಗಡಿಯಲ್ಲಂತೂ ಇರಲಿಲ್ಲ. ಅಲ್ಲಿ ಅವನ ಭಾವಮೈದುನ ಬೋರ್ಡು ಬರೆಯುತ್ತಿದ್ದ.

ತಕ್ಕಡಿಯವನನ್ನು ಪೇಟೆಯವರು ಗುಲಗಂಜಿ ಎಂದು ಕರೆಯುತ್ತಿದ್ದರು. ಗುಲಗಂಜಿಯಷ್ಟು ತೂಕ ಆಚೀಚೆಯಾದರೂ ಅವನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಗಂಟೆ ಎಷ್ಟು ಎಂದು ಯಾರಾದರೂ ಕೇಳಿದರೆ, "ಮೂರು ಗಂಟೆ ಏಳು ನಿಮಿಷ, ನೀವು ಹೊಸಿಲು ದಾಟೋವಷ್ಟರಲ್ಲಿ ಎಂಟು" ಅನ್ನುವವನು. ಮದುವೆಯಾದ ಹೊಸದರಲ್ಲಿ ಹೆಂಡತಿ ನಾಚಿಕೊಂಡು, "ನಾನು ಚಂದ ಇದ್ದೀನಾ?" ಎಂದು ಕೇಳಿದಾಗ ಅವನು ಕಾಲು ಗಂಟೆ ಯೋಚಿಸಿ, "ಎಡಗಡೆಯಿಂದ" ಎಂದಿದ್ದ. ಆಮೇಲಿನ ಇಪ್ಪತ್ತಾರು ವರ್ಷದಲ್ಲಿ ಆಕೆ ಅವನಿಗೆ ಒಮ್ಮೆಯೂ ಬಲಗೆನ್ನೆ ತೋರಿಸಿರಲಿಲ್ಲ. ಮನೆಯ ಕುರ್ಚಿ, ಮಂಚ, ಒಲೆ, ಎಲ್ಲವನ್ನೂ ಅದಕ್ಕೆ ತಕ್ಕಂತೆ ಇಡಿಸಿಕೊಂಡಿದ್ದಳು.

ಭಾವಮೈದುನನ ಕುಂಚಕ್ಕೆ ಸುಮ್ಮನೆ 'ಅಂಗಡಿ' ಎಂದು ಬರೆಯಲು ಬರುತ್ತಲೇ ಇರಲಿಲ್ಲ. ಕ್ಷೌರದ ಅಂಗಡಿ 'ಜಗತ್ಪ್ರಸಿದ್ಧ' ಆಯಿತು, ಪಂಕ್ಚರ್ ಅಂಗಡಿ 'ಅಂತಾರಾಷ್ಟ್ರೀಯ' ಆಯಿತು. ಸಾರ್ವಜನಿಕ ಶೌಚಾಲಯದ ಮೇಲೆ 'ನಮಗೆ ಬೇರೆಲ್ಲೂ ಶಾಖೆಗಳಿಲ್ಲ' ಎಂದು ಬರೆದು ಇಡೀ ಪೇಟೆಯನ್ನೇ ಗಾಬರಿಗೆ ಬೀಳಿಸಿದ ಮನುಷ್ಯ. ಹಿಂದೊಮ್ಮೆ ಭಾವನ ಬಳಿ ಕೆಲಸ ಕಲಿಯಲು ಸೇರಿ, ತಕ್ಕಡಿಯ ತಟ್ಟೆಯ ಮೇಲೆ 'ವಿಶ್ವವಿಖ್ಯಾತ' ಎಂದು ಬರೆದಿದ್ದ. ಆ ಬಣ್ಣವೇ ಮೂರು ಗ್ರಾಂ ತೂಗಿತು. ನಾಲ್ಕನೆಯ ದಿನ ಗುಲಗಂಜಿ ಅವನನ್ನೂ ಅವನ ಡಬ್ಬಗಳನ್ನೂ ಪಕ್ಕದ ಮಳಿಗೆಗೆ ದಾಟಿಸಿದ. ಗುಲಗಂಜಿಯ ಅಂಗಡಿಯ ಬೋರ್ಡನ್ನೂ ಬರೆದದ್ದು ಅವನೇ, ಆದರೆ ಹಲ್ಲು ಕಚ್ಚಿಕೊಂಡು. 'ಇಲ್ಲಿ ತಕ್ಕಡಿ ಸರಿಮಾಡಲಾಗುವುದು. ಸರಿಯಾಗದಿದ್ದರೆ ಹಾಗೆಂದು ಹೇಳಲಾಗುವುದು.'

ಮಗಳಿಗೆ ಇಪ್ಪತ್ಮೂರು ವರ್ಷ. ಒಂಬತ್ತನೆಯ ವಯಸ್ಸಿನಿಂದ ಅಂಗಡಿಯಲ್ಲೇ ಕೂತು, ಅಪ್ಪನ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಬೆಳೆದವಳು. ಏಳು ಸಮುದ್ರದಾಚೆಯ ವಿಶ್ವವಿದ್ಯಾಲಯವೊಂದರಲ್ಲಿ ಅಳತೆಯ ವಿಜ್ಞಾನ ಎಂಬ ಎರಡು ವರ್ಷದ ಓದು ಇತ್ತು. ಅಲ್ಲಿನವರು ಒಂದು ಕೂದಲನ್ನು ಲಕ್ಷ ಸೀಳು ಮಾಡಿ, ಸೀಳಿದ್ದನ್ನೆಲ್ಲ ತೂಗಿ, ಆಮೇಲೆ ತೂಗಿದ್ದು ತಪ್ಪಿರಬಹುದೆಂದು ಮತ್ತೆ ತೂಗುವ ಜನ. ಅಪ್ಪನ ಮಗಳಿಗೆ ಅದಕ್ಕಿಂತ ದೊಡ್ಡ ಸ್ವರ್ಗ ಎಲ್ಲಿದೆ? ಸೀಟೂ ಸಿಕ್ಕಿತ್ತು. ಸಿಗದೆ ಉಳಿದದ್ದು ದುಡ್ಡು ಕೊಟ್ಟು ಓದಿಸುವವರು.

ವಿದ್ಯಾರ್ಥಿವೇತನಗಳೇನು ಜಗತ್ತಿನಲ್ಲಿ ಕಡಿಮೆ ಇರಲಿಲ್ಲ. ಅವಳು ಅರ್ಜಿ ಹಾಕಿದ್ದೇ ಹನ್ನೊಂದಕ್ಕೆ. ಒಂದು ಸಂಸ್ಥೆ ಫೀಸು ಕೊಡುತ್ತೇನೆ ಎಂದಿತು. ಆದರೆ ಊಟ ವಸತಿಯ ಹಣ ಬ್ಯಾಂಕಿನಲ್ಲಿರುವುದನ್ನು ಮೊದಲು ತೋರಿಸಬೇಕು. ಇನ್ನೊಂದು ವಿಮಾನದ ಟಿಕೆಟ್ಟು ಮಾತ್ರ ಕೊಡುತ್ತಿತ್ತು. ಹೋಗಿ ನಿಲ್ದಾಣದಲ್ಲೇ ಓದು ಮುಗಿಸಿ ಬರಬೇಕೇನೋ. ಮತ್ತೊಂದಕ್ಕೆ ಕೆಲಸ ಮಾಡಿದ ಅನುಭವ ಬೇಕು, ಸಂಬಳದ ಚೀಟಿ ಲಗತ್ತಿಸಬೇಕು. ಹೆತ್ತ ಮಗಳಿಗೆ ಸಂಬಳದ ಚೀಟಿ ಬರೆದ ಅಪ್ಪ ಯಾವ ಊರಲ್ಲಿದ್ದಾನೆ? ಶಿಕ್ಷಣ ಸಾಲಕ್ಕೆ ಹೋದರೆ ಬ್ಯಾಂಕಿನವರು ಮನೆಯನ್ನು ಅಡವಿಡಿ ಎಂದರು. ಮನೆ ಬಾಡಿಗೆಯದು, ಮಾಲೀಕ ಒಪ್ಪಲಿಲ್ಲ. ಎಡಗೈಯವರಿಗೆ ಮಾತ್ರ ಮೀಸಲಾದ ವೇತನವೊಂದಿದೆ ಎಂದು ಗೊತ್ತಾದ ದಿನ ಬೋರ್ಡಿನ ಮಾವ ಅವಳ ಬಲಗೈಗೆ ಪಟ್ಟಿ ಸುತ್ತಲು ಬಟ್ಟೆ ಹರಿದುಕೊಂಡೇ ಬಂದಿದ್ದ. ಮೂರನೆಯದರಲ್ಲಿ ಮಾತ್ರ ಅವಳು ಕೊನೆಯ ಇಬ್ಬರ ತನಕ ಹೋಗಿದ್ದಳು, ವೇತನ ಇನ್ನೊಬ್ಬರ ಪಾಲಾಗಿತ್ತು.

ಉಳಿದದ್ದು ಹನ್ನೆರಡನೆಯದು, ಕೊನೆಯದು. ಬೀಗ ರಿಪೇರಿ ಮಾಡುತ್ತ ಮಾಡುತ್ತ ಕೋಟ್ಯಧೀಶನಾಗಿ ಸತ್ತ ಯಾವನೋ ಮುದುಕ, ಕೈಕಸುಬಿನ ಮನೆಯ ಮಕ್ಕಳಿಗಾಗಿ ಕಟ್ಟಿಟ್ಟ ನಿಧಿ. ಫೀಸು, ಊಟ, ಕೋಣೆ, ಹೋಗುವ ಟಿಕೆಟ್ಟು, ಓದು ಮುಗಿದ ಮೇಲೆ ಬರುವ ಟಿಕೆಟ್ಟು, ಎಲ್ಲ ಕೊಡುತ್ತಿದ್ದರು. ಇಬ್ಬರು ಅಧ್ಯಾಪಕರ ಪತ್ರ ಆಗಲೇ ಹೋಗಿತ್ತು. ಮೂರನೆಯ ಪತ್ರ, ಅಭ್ಯರ್ಥಿ ಯಾರ ಕೈಕೆಳಗೆ ಕೈಯಾರೆ ಕೆಲಸ ಮಾಡಿದ್ದಾಳೋ ಅವರದಾಗಬೇಕು. ಸಂಬಂಧಿಕರಾದರೆ ಸಂಬಂಧ ತಿಳಿಸಬೇಕು. ಭಾಷೆ ಯಾವುದಾದರೂ ಸರಿ, ಅನುವಾದ ಅವರೇ ಮಾಡಿಸಿಕೊಳ್ಳುತ್ತಾರೆ. ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕು.

ಹೀಗೆ ಮಗಳ ಏಳು ಸಮುದ್ರಗಳೂ ಬಂದು ಗುಲಗಂಜಿಯ ಪೆನ್ನಿನ ತುದಿಯಲ್ಲಿ ನಿಂತವು. ಅವನು ಆ ಪೆನ್ನನ್ನು ಒಂಬತ್ತು ದಿನದಿಂದ ಹಿಡಿದುಕೊಂಡೇ ಇದ್ದ.

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಮಗಳು ಕೇಳಿದಳು. "ಅಪ್ಪ, ಪತ್ರ ಆಯ್ತಾ?"

"ಒಂದು ಸಾಲು ಆಗಿದೆ."

"ಒಂಬತ್ತು ದಿನದಲ್ಲಿ ಒಂದು ಸಾಲಾ?"

"ಎರಡಾಗಿತ್ತು. ಒಂದನ್ನ ಹೊಡೆದು ಹಾಕ್ದೆ."

ಅವಳು ಹಾಳೆ ಎಳೆದುಕೊಂಡು ನೋಡಿದಳು. ಉಳಿದಿದ್ದ ಸಾಲು, 'ಈಕೆ ನನ್ನ ಮಗಳು.' ಹೊಡೆದುಹಾಕಿದ್ದು, 'ಈಕೆ ಒಳ್ಳೆಯವಳು.'

"ಇದನ್ನ ಯಾಕೆ ಹೊಡೆದೆ?"

"ಎಷ್ಟು ಒಳ್ಳೆಯವಳು ಅಂತ ಅವರು ಕೇಳಿದ್ರೆ ಏನು ಹೇಳೋದು? ಅಳತೆ ಇಲ್ವಲ್ಲ."

ಪತ್ರದ ಜೊತೆಗೆ ಒಂದು ನಮೂನೆಯೂ ಇತ್ತು. 'ಈ ಕಸುಬಿನಲ್ಲಿ ನೀವು ಹತ್ತಿರದಿಂದ ಬಲ್ಲವರ ಪೈಕಿ ಅಭ್ಯರ್ಥಿಯ ಸ್ಥಾನ ಯಾವುದು?' ಎಂಬ ಪ್ರಶ್ನೆ, ಕೆಳಗೆ ನಾಲ್ಕು ಚೌಕ. ಮೇಲಿನ ಶೇಕಡ ಒಂದು, ಐದು, ಹತ್ತು, ಇಪ್ಪತ್ತೈದು. ಗುಲಗಂಜಿ ಅವುಗಳ ಪಕ್ಕದಲ್ಲಿ ಸ್ಕೇಲು ಇಟ್ಟು ಐದನೆಯ ಚೌಕವೊಂದನ್ನು ಎಳೆದು, 'ಮೂವತ್ತಮೂರು ಪಾಯಿಂಟ್ ಮೂರು' ಎಂದು ಬರೆದಿದ್ದ.

ಮಗಳು ಹಣೆ ಹಿಡಿದುಕೊಂಡಳು. "ಇದೇನಪ್ಪ?"

"ಶೇಕಡ ಒಂದು ಅನ್ನಬೇಕಾದ್ರೆ ನನ್ನ ಹತ್ರ ನೂರು ಜನ ಕಲಿತಿರಬೇಕಲ್ವಾ? ಕಲಿತದ್ದು ಮೂರೇ ಜನ. ನನ್ನ ಚಿಕ್ಕಪ್ಪನ ಮಗ, ಅವನು ಬಸ್ ಓಡಿಸೋಕೆ ಹೋದ. ನಿನ್ನ ಮಾವ, ನಾಲ್ಕು ದಿನ. ಆಮೇಲೆ ನೀನು. ಮೂವರಲ್ಲಿ ನೀನೇ ಮೊದಲು ಅಂತ ಹೇಳೋಕೆ ನನಗೇನೂ ಸಂಕೋಚ ಇಲ್ಲ."

"ಸಂಕೋಚ ಇಲ್ಲ ಅಂತೆ. ಬಸ್ ಓಡಿಸೋವ್ನನ್ನ ಸೋಲಿಸಿದ್ದೀನಿ ಅಂತ ಅವರು ನಂಗೆ ಟಿಕೆಟ್ ಕೊಡ್ತಾರಾ?"

ಅಷ್ಟರಲ್ಲಿ ಬಾಗಿಲಲ್ಲಿ ಬಣ್ಣದ ವಾಸನೆ ಬಂತು. ಹಿಂದೆಯೇ ಭಾವಮೈದುನ ಬಂದ. ಅವನ ಕೈಯಲ್ಲಿ ಹದಿನೇಳು ಪುಟದ ಪತ್ರ ಇತ್ತು. ಮೂರು ಬಣ್ಣದಲ್ಲಿ ಬರೆದಿದ್ದ, ನೆರಳು ಕೊಟ್ಟ ಅಕ್ಷರಗಳು.

"ಭಾವ, ನೀವು ಸುಮ್ನೆ ಸಹಿ ಹಾಕಿ. ಉಳಿದದ್ದನ್ನ ನಾನು ನೋಡ್ಕೊಂಡಿದ್ದೀನಿ."

ಗುಲಗಂಜಿ ಕನ್ನಡಕ ಒರೆಸಿ ಓದಿದ. ಮೊದಲ ಸಾಲಿನಲ್ಲೇ ಮಗಳು ಜಗತ್ಪ್ರಸಿದ್ಧಳಾಗಿದ್ದಳು. ಎರಡನೆಯ ಪುಟದಲ್ಲಿ, ಯಾವ ವಸ್ತುವನ್ನೇ ಕೈಯಲ್ಲಿ ಹಿಡಿದರೂ ಗ್ರಾಂ ಲೆಕ್ಕದಲ್ಲಿ ತೂಕ ಹೇಳುತ್ತಿದ್ದಳು. ಐದನೆಯದರಲ್ಲಿ, ಜೀವಮಾನದಲ್ಲೇ ಒಂದು ಸಾಮಾನೂ ಒಡೆದಿರಲಿಲ್ಲ. ಒಂಬತ್ತನೆಯದರಲ್ಲಿ, ಸಿಟ್ಟು ಎಂದರೆ ಏನೆಂದೇ ಅರಿಯದವಳಾಗಿದ್ದಳು. ಕೊನೆಯಲ್ಲಿ, 'ಅನುಕರಣೆಗಳ ಬಗ್ಗೆ ಎಚ್ಚರವಿರಲಿ.'

ಗುಲಗಂಜಿ ಮೇಜಿನ ಮೇಲಿದ್ದ ಹಿತ್ತಾಳೆಯ ನಲ್ಲಿಯನ್ನು ಮಗಳ ಕೈಗೆ ಕೊಟ್ಟ. "ಎಷ್ಟು?"

"ಅಪ್ಪ, ಈಗಲ್ಲ."

"ಎಷ್ಟು ಹೇಳು."

"ಮುನ್ನೂರ ನಲವತ್ತು."

ತೂಗಿದ. ನಾನೂರ ಹನ್ನೆರಡು. ಎರಡನೆಯ ಪುಟದ ಮೇಲೆ ಅಡ್ಡಗೆರೆ ಬಿತ್ತು. ಆಮೇಲೆ ಡ್ರಾಯರ್ ಎಳೆದು ಒಂದು ಗಾಜಿನ ಚೂರು ತೆಗೆದ. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ತಾರೀಖು ಇತ್ತು; ಮಗಳು ಹನ್ನೆರಡನೆಯ ವಯಸ್ಸಿನಲ್ಲಿ ಅಕ್ಕಸಾಲಿಯ ತಕ್ಕಡಿಯ ಪೆಟ್ಟಿಗೆ ಒಡೆದ ದಿನದ್ದು. ಐದನೆಯ ಪುಟ ಹೋಯಿತು.

"ಅದನ್ನ ಹನ್ನೊಂದು ವರ್ಷ ಇಟ್ಕೊಂಡಿದ್ದೀಯಾ?" ಎಂದು ಮಗಳು ಬೀದಿಯ ಎರಡೂ ಬದಿಗೆ ಕೇಳಿಸುವ ದನಿಯಲ್ಲಿ ಕೇಳಿದಳು. ಅಲ್ಲಿಗೆ ಸಿಟ್ಟರಿಯದ ಒಂಬತ್ತನೆಯ ಪುಟವೂ ಹೋಯಿತು.

"ಭಾವ, ನಿಮ್ಮ ಹಠಕ್ಕೆ ಒಂದು ಮಗು ಬಲಿ ಕೊಡ್ತೀರಾ? ಪ್ರಪಂಚದಲ್ಲಿ ಎಲ್ಲರೂ ಹೀಗೇ ಬರೆಯೋದು. ಅವರೂ ಅರ್ಧ ಕಳೆದೇ ಓದ್ತಾರೆ."

"ಹಾಗಾದ್ರೆ ನಿಜ ಬರೆದವರದ್ದನ್ನೂ ಅರ್ಧ ಕಳೀತಾರಲ್ಲ."

"ಅದಕ್ಕೇ ಹೇಳೋದು, ಎರಡರಷ್ಟು ಬರೀರಿ ಅಂತ."

ಗುಲಗಂಜಿಗೆ ಈ ಲೆಕ್ಕ ಸರಿ ಎನಿಸಿತು, ಅದೇ ಅವನ ಸಂಕಟ. ಪೆನ್ನು ಎತ್ತಿದ. ಹದಿನೇಳನೆಯ ಪುಟದ ಕೊನೆಯಲ್ಲಿ ಅದರ ತುದಿ ಇಟ್ಟ. ಸಹಿಯ ಮೊದಲ ಅಕ್ಷರದ ಮೊದಲ ಸುತ್ತು ಬರುವಷ್ಟರಲ್ಲಿ ಕೈ ಎಷ್ಟು ನಡುಗಿತೆಂದರೆ, ಗೋಡೆಯ ಮೇಲಿನ ಮುನ್ನೂರು ತಕ್ಕಡಿಗಳ ಮುಳ್ಳುಗಳೂ ಜೊತೆಗೆ ನಡುಗಿದವು. ಪೆನ್ನು ಕೆಳಗಿಟ್ಟ. "ನನ್ನಿಂದ ಆಗ್ತಿಲ್ಲ ಕಣೋ."

ಭಾವಮೈದುನ ತನ್ನ ಹದಿನೇಳು ಪುಟಗಳನ್ನು ಸುರುಳಿ ಸುತ್ತಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕುಳಿತ. ಎದ್ದು ಹೋಗಲಿಲ್ಲ. ಸೋದರಸೊಸೆ ಹೊರಡುವುದು ತಪ್ಪಿಹೋದರೆ ಅಳಲು ಒಬ್ಬರಾದರೂ ಹತ್ತಿರ ಇರಬೇಕಲ್ಲ.

ಗಂಟೆ ಮೂರೂವರೆ. ಮಗಳು ನಮೂನೆಯನ್ನು ಮಡಚಿ ಪಕ್ಕಕ್ಕಿಟ್ಟಳು. "ಹೋಗ್ಲಿ ಬಿಡಪ್ಪ. ಕಿರಾಣಿಯವನು ನಾಲ್ಕಕ್ಕೆ ಬರ್ತಾನೆ. ಅವನ ತಕ್ಕಡಿ ಆಯ್ತಾ?"

ಆಗಿರಲಿಲ್ಲ. ಕಿರಾಣಿ ಅಂಗಡಿಯವನ ಆ ಮುಳ್ಳಿನ ತಕ್ಕಡಿ ಎರಡು ದಿನದಿಂದ ಗುಲಗಂಜಿಯ ಮಾನ ತೆಗೆಯುತ್ತಿತ್ತು. ಗಿರಾಕಿಗಳ ಎದುರು ಐದು ಗ್ರಾಂ ಸುಳ್ಳು ಹೇಳುತ್ತದಂತೆ. ಇಲ್ಲಿ ಮಾತ್ರ ಹರಿಶ್ಚಂದ್ರನ ತುಂಡು. ಹದಿನಾರು ಸಲ ಬಿಚ್ಚಿದ್ದ, ಹದಿನಾರು ಸಲ ಜೋಡಿಸಿದ್ದ. ಒಂದು ಕಿಲೋ ಬಟ್ಟನ್ನು ಚಿಮಟದಲ್ಲಿ ಹಿಡಿದು ತಟ್ಟೆಯ ನಟ್ಟನಡುವೆ, ಮಲಗಿದ ಕೂಸಿನಂತೆ ಇಟ್ಟರೆ, ಮುಳ್ಳು ಸರಿಯಾಗಿ ಒಂದು ಕಿಲೋಗೇ ಹೋಗಿ ನಿಲ್ಲುತ್ತಿತ್ತು.

ಮಗಳು ಬಟ್ಟನ್ನು ಕೈಯಲ್ಲಿ ಎತ್ತಿಕೊಂಡು, ಬೇರೆಲ್ಲೋ ನೋಡುತ್ತ, ತಟ್ಟೆಯ ಎಡ ಅಂಚಿಗೆ ದೊಪ್ಪೆಂದು ಹಾಕಿದಳು. ಮುಳ್ಳು ಐದು ಗ್ರಾಂ ಮುಂದೆ ಹೋಗಿ ನಿಂತಿತು.

"ತಟ್ಟೆ ಕೆಳಗಿನ ಕಡ್ಡಿ ಸೊಟ್ಟ ಆಗಿದೆ. ನಡುವೆ ಇಟ್ರೆ ಗೊತ್ತಾಗಲ್ಲ."

"ನಾನು ಹದಿನಾರು ಸಲ ನೋಡ್ದೆನಲ್ಲ..."

"ನೀನು ನಡುವೆ ಇಡ್ತೀಯ ಅಪ್ಪ. ಅವನು ಗಿರಾಕಿ ಜೊತೆ ಹರಟೆ ಹೊಡೀತಾ ಎಲ್ಲೋ ಒಂದು ಕಡೆ ಎಸೀತಾನೆ. ತಕ್ಕಡಿ ಇರೋದು ಅವನ ಕೈಯಲ್ಲಿ, ನಿನ್ನ ಕೈಯಲ್ಲಲ್ಲ."

ಕಡ್ಡಿ ನೆಟ್ಟಗೆ ಮಾಡಿದಳು. ಬಟ್ಟು ಎತ್ತಿ, ಮುಳ್ಳು ಸೊನ್ನೆಗೆ ಬಂದು ನಿಲ್ಲುವ ತನಕ ಕಾದಳು. ಮತ್ತೆ ಎಸೆದಳು, ಮತ್ತೆ ಎತ್ತಿದಳು, ಮತ್ತೆ ಕಾದಳು. ಹೊರೆ ಇಳಿಸಿದ ಮೇಲೆ ಸೊನ್ನೆಗೆ ಮರಳದ ತಕ್ಕಡಿ ಗುಜರಿಗೆ ಎಂದು ಅವಳಿಗೆ ಕಲಿಸಿದವನು ಅವನೇ. ಈಗ ಅವನು ನೋಡುತ್ತಿದ್ದದ್ದು ಮುಳ್ಳನ್ನಲ್ಲ. ಹನ್ನೊಂದು ಸಲ ಹನ್ನೊಂದು ಸಂಸ್ಥೆಗಳು 'ವಿಷಾದಿಸುತ್ತೇವೆ' ಎಂದು ಬರೆದಿದ್ದವು. ಪ್ರತಿ ಸಲವೂ ಇವಳು ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಆಮೇಲೆ ಮುಖ ತೊಳೆದು ಬಂದು, "ಮುಂದಿನದು ಯಾವುದಪ್ಪ?" ಎಂದು ತಕ್ಕಡಿಗೆ ಕೈ ಚಾಚಿದ್ದಳು. ಒಳಗಿದ್ದ ಹೊತ್ತನ್ನು ಅವನು ಹೊರಗೆ ಕೂತು ಗಡಿಯಾರ ನೋಡಿ ಗುರುತಿಟ್ಟುಕೊಂಡಿದ್ದ. ಬೇರೆ ಏನು ಮಾಡಬೇಕೋ ಅವನಿಗೆ ತಿಳಿದಿರಲಿಲ್ಲ.

ಗುಲಗಂಜಿ ಎದ್ದ. ಕಪಾಟಿನಿಂದ ಪ್ರಮಾಣಪತ್ರಗಳ ಪುಸ್ತಕ ತೆಗೆದ. ಸರಿಮಾಡಿದ ಪ್ರತಿ ತಕ್ಕಡಿಯ ಜೊತೆಗೂ ಅದರಿಂದ ಒಂದು ಹಾಳೆ ಹರಿದುಕೊಡುವುದು ಅಂಗಡಿಯ ಪದ್ಧತಿ. ಅವನ ಅಪ್ಪನ ಕಾಲದಲ್ಲಿ ಅಚ್ಚು ಹಾಕಿಸಿದ್ದು. ಉಪಕರಣದ ಹೆಸರು, ತಯಾರಕರು, ಕಂಡ ದೋಷ, ಸೊನ್ನೆಗೆ ಮರಳುವಿಕೆ, ಎಲ್ಲಕ್ಕೂ ಜಾಗ ಇತ್ತು. ತೀರಾ ಅಡಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಎರಡು ಸಾಲು ಬೇರೆ ಇದ್ದವು. ಅರವತ್ತು ವರ್ಷದಲ್ಲಿ ಅವನ್ನು ಯಾರೂ ಓದಿರಲಿಲ್ಲ.

ಬರೆಯಲು ಕುಳಿತವನು ತಲೆ ಎತ್ತಲಿಲ್ಲ. ಒಂಬತ್ತು ದಿನ ಬಾರದ ಪತ್ರ ನಲವತ್ತು ನಿಮಿಷದಲ್ಲಿ ಬಂತು. ಅನ್ವಯಿಸದ ಅಚ್ಚಿನ ಸಾಲುಗಳನ್ನು ಸ್ಕೇಲು ಇಟ್ಟು ಹೊಡೆದುಹಾಕುತ್ತ ಹೋದ. ಊಟದ ಡಬ್ಬ ತಗೊಂಡು ಹೋಗಲು ಬಂದ ಹೆಂಡತಿ, ಎಡಗೆನ್ನೆ ಅವನ ಕಡೆ ಇರುವಂತೆ ನಿಂತು, ಹಾಳೆಯನ್ನು ಗಟ್ಟಿಯಾಗಿ ಓದಿದಳು.

"ಉಪಕರಣ: ನನ್ನ ಮಗಳು. ರಕ್ತಸಂಬಂಧ ಇರುವುದರಿಂದ ಎರಡೆರಡು ಸಲ ಪರೀಕ್ಷಿಸಲಾಗಿದೆ. ತಯಾರಕರು: ಹೆಚ್ಚಿನ ಕೆಲಸ ಈಕೆಯ ತಾಯಿಯದು. ಪರೀಕ್ಷೆಯ ಅವಧಿ: ಹದಿನಾಲ್ಕು ವರ್ಷ. ಕಂಡ ದೋಷಗಳು: ಬೆಳಗ್ಗೆ ಏಳಕ್ಕೆ ಮೊದಲು ನಂಬುವಂತಿಲ್ಲ. ಬೇರೆಯವರ ಮಾತನ್ನು ನಡುವೆಯೇ ತಿದ್ದುತ್ತಾಳೆ. ಈ ದೋಷ ಯಾವಾಗಲೂ ಒಂದೇ ಪ್ರಮಾಣದಲ್ಲಿರುವುದರಿಂದ ಕಳೆದು ಲೆಕ್ಕ ಹಾಕಬಹುದು. ಸಿಟ್ಟು ಬಂದಾಗ ಬೀದಿಗೆ ಕೇಳಿಸುತ್ತದೆ. ಗಾಜು ಒಡೆದದ್ದು: ಒಮ್ಮೆ." ಅವಳು ಹಾಳೆ ಕೆಳಗಿಳಿಸಿದಳು. "ಇದೇನ್ರೀ, ಹೆತ್ತ ಮಗಳ ಹುಳುಕೆಲ್ಲ ಬರೆದು ಊರಾಚೆ ಕಳಿಸ್ತಿದ್ದೀರಾ?"

"ದೋಷ ಏನೂ ಇಲ್ಲ ಅಂತ ಬರೆದ್ರೆ ಪರೀಕ್ಷೆ ಮಾಡಿಲ್ಲ ಅಂತ ಅರ್ಥ. ತಕ್ಕಡಿ ಬಲ್ಲವರು ಅಂಥ ಹಾಳೇನ ಮೂಸೂ ನೋಡಲ್ಲ. ಮುಂದೆ ಓದು."

"ಹೊರೆ: ಹನ್ನೊಂದು ನಿರಾಕರಣೆಗಳನ್ನು ಒಂದಾದ ಮೇಲೊಂದರಂತೆ ಇಡಲಾಯಿತು. ಸೊನ್ನೆಗೆ ಮರಳುವಿಕೆ: ಹನ್ನೊಂದೂ ಸಲ ಪೂರ್ತಿ ಮರಳಿದ್ದಾಳೆ. ತಗುಲಿದ ಅತಿ ಹೆಚ್ಚು ಸಮಯ, ಮೂರನೆಯದಕ್ಕೆ, ಒಂದು ಗಂಟೆ ಹತ್ತು ನಿಮಿಷ." ಹೆಂಡತಿಯ ದನಿ ಅಲ್ಲಿ ಸ್ವಲ್ಪ ಕೆಳಗಿಳಿಯಿತು. ಮಗಳು ಕಿರಾಣಿಯವನ ತಕ್ಕಡಿಯನ್ನು ಒರೆಸಿದ್ದನ್ನೇ ಒರೆಸುತ್ತ ನಿಂತಿದ್ದಳು.

ಆಮೇಲೆ ಗುಲಗಂಜಿ ನಮೂನೆಯನ್ನು ಬಿಡಿಸಿದ. ತಾನೇ ಎಳೆದಿದ್ದ ಐದನೆಯ ಚೌಕವನ್ನು ಹೊಡೆದುಹಾಕಿ, ಶೇಕಡ ಇಪ್ಪತ್ತೈದರ ಚೌಕದಲ್ಲಿ ಗುರುತು ಹಾಕಿದ.

ಭಾವಮೈದುನ ಮೆಟ್ಟಿಲಿನಿಂದ ಕತ್ತು ಚಾಚಿದ. "ಭಾವ, ಇರೋದ್ರಲ್ಲಿ ಅದೇ ಕೊನೇದು. ಅದೂ ಅಲ್ದೆ ನಿಮ್ಮ ಲೆಕ್ಕದಲ್ಲೇ ತಪ್ಪಾಯ್ತು. ಮೂವರಲ್ಲಿ ಒಬ್ಬಳು ಅಂದ್ರೆ ಮೂವತ್ತಮೂರು."

"ಮೂವರಲ್ಲ, ನಾಲ್ವರು."

"ನಾಲ್ಕನೆಯವರು ಯಾರು?"

"ನಾನು. ಹತ್ತಿರದಿಂದ ಬಲ್ಲವರು ಅಂತ ಕೇಳಿದ್ದಾರೆ. ನನ್ನಷ್ಟು ಹತ್ತಿರದಿಂದ ನಾನು ಯಾರನ್ನೂ ನೋಡಿಲ್ಲ." ಚೌಕದ ಪಕ್ಕದಲ್ಲಿ ಬರೆದ: 'ನನ್ನನ್ನೂ ಸೇರಿಸಿ ನಾಲ್ವರಲ್ಲಿ ಈಕೆ ಮೊದಲನೆಯವಳು. ನಾನು ಹದಿನಾರು ಸಲ ನೋಡಿ ಕಾಣದ ದೋಷವನ್ನು ಇಂದು ಮಧ್ಯಾಹ್ನ ಒಂದೇ ಸಲಕ್ಕೆ ಕಂಡಳು.' ಸಹಿ ಹಾಕಿದ. ಈ ಸಲ ಗೋಡೆಯ ಮೇಲಿನ ಒಂದು ಮುಳ್ಳೂ ಅಲುಗಲಿಲ್ಲ. ಅಂಗಡಿಯ ಮೊಹರನ್ನು ಒತ್ತಿದ ರಭಸಕ್ಕೆ ಮಾತ್ರ ಪಕ್ಕದ ಮಳಿಗೆಯ ಬಣ್ಣದ ಡಬ್ಬಗಳು ಉರುಳಿದವು.

ಮಗಳು ಹಾಳೆಯ ಚಿತ್ರ ತೆಗೆದು ಕಳಿಸಿದಾಗ ಗಂಟೆ ನಾಲ್ಕು ಐವತ್ತೆಂಟು. ಆಮೇಲೆ ಅವಳು ಡ್ರಾಯರಿನಿಂದ ಆ ಗಾಜಿನ ಚೂರು ತೆಗೆದು, ಚೀಟಿ ಅಂಟಿದ್ದು ಬಿಟ್ಟುಕೊಳ್ಳುತ್ತಿದೆಯೆಂದು ಹೊಸದಾಗಿ ಗೋಂದು ಹಚ್ಚಿ, ಮತ್ತೆ ಒಳಗಿಟ್ಟಳು.

ಉತ್ತರ ಬರಲು ಆರು ವಾರ ಹಿಡಿಯಿತು. ಆ ಆರು ವಾರದಲ್ಲಿ ಭಾವಮೈದುನನ ಕುಂಚವೂ ಅಂಜಿ, ಇಬ್ಬರು ಗಿರಾಕಿಗಳ ಬೋರ್ಡಿನಲ್ಲಿ ಬರೀ 'ಪ್ರಸಿದ್ಧ' ಎಂದು ಬರೆದಿತ್ತು. ಉತ್ತರ ಬಂದ ಬೆಳಗ್ಗೆ ಮಗಳು ಅಂಗಡಿಯ ನಡುವೆ ನಿಂತು ಓದಿದಳು. ಮನೆಯವರೆಲ್ಲ ಸುತ್ತ ನಿಂತಿದ್ದರು. ನಿಂತಿದ್ದರು ಎನ್ನುವುದಕ್ಕಿಂತ, ಆ ಇಕ್ಕಟ್ಟಿನಲ್ಲಿ ಒಬ್ಬರ ಮೇಲೊಬ್ಬರು ಒರಗಿಕೊಂಡಿದ್ದರು.

ನಿಧಿಯ ಕಾರ್ಯದರ್ಶಿ ಬರೆದಿದ್ದಳು: ಸಾವಿರದ ಇನ್ನೂರು ಅರ್ಜಿಗಳು ಬಂದಿದ್ದವು. ಅಭ್ಯರ್ಥಿಗಳಲ್ಲಿ ಬಹುಪಾಲು ಜನ ಮೇಲಿನ ಶೇಕಡ ಒಂದರೊಳಗೇ ಇದ್ದುದರಿಂದ ಯಾರನ್ನು ಆರಿಸುವುದೆಂದು ಸಮಿತಿಗೆ ತಿಳಿಯದಾಗಿತ್ತು. ಪರೀಕ್ಷೆ ಮಾಡಿ ಬರೆದಂತೆ ಕಂಡದ್ದು ಒಂದೇ ಪತ್ರ. ನಿಮ್ಮ ಎರಡೂ ವರ್ಷದ ವೆಚ್ಚವನ್ನು ನಿಧಿ ಭರಿಸುತ್ತದೆ.

ಭಾವಮೈದುನ ಅಲ್ಲೇ ಕೂರಲು ಹೋಗಿ ತಕ್ಕಡಿಯ ಮೇಲೆ ಕುಳಿತ. ಎಪ್ಪತ್ತೊಂಬತ್ತು ಕಿಲೋ ತೋರಿಸಿತು.

"ಇರಿ, ಇನ್ನೊಂದು ವಿಷಯ ಇದೆ," ಎಂದಳು ಮಗಳು. ಅವಳ ಹುಬ್ಬು ಮೇಲೇರಿತ್ತು. ಪತ್ರದ ಮುಂದಿನ ಸಾಲುಗಳನ್ನು ಓದಿದಳು. "ಪ್ರಮಾಣಪತ್ರದ ಅಡಿಯಲ್ಲಿ ಅಚ್ಚಾಗಿರೋ ಷರತ್ತುಗಳನ್ನ ನಮ್ಮ ಅನುವಾದಕರು ಗಮನಕ್ಕೆ ತಂದಿದ್ದಾರೆ. ಒಂದು, ಈ ಪತ್ರ ಒಂದು ವರ್ಷಕ್ಕೆ ಮಾತ್ರ ಊರ್ಜಿತ. ಆಮೇಲೆ ಉಪಕರಣವನ್ನ ಮರುಪರೀಕ್ಷೆಗೆ ಇದೇ ಅಂಗಡಿಗೆ ತರತಕ್ಕದ್ದು. ಎರಡು, ತರುವ ಮತ್ತು ಒಯ್ಯುವ ಸಾಗಣೆ ವೆಚ್ಚ ಉಪಕರಣ ಬಳಸುವವರದು. ದಾಖಲೆಗಳು ಓದಿನ ಅವಧಿಯುದ್ದಕ್ಕೂ ಊರ್ಜಿತವಾಗಿರಬೇಕೆಂಬುದು ನಮ್ಮ ನಿಯಮವಾದ್ದರಿಂದ, ಮೊದಲ ವರ್ಷದ ಕೊನೆಗೆ ನಿಮ್ಮ ಊರಿಗೆ ಹೋಗಿ ಬರುವ ಟಿಕೆಟ್ಟನ್ನು ಹೆಚ್ಚುವರಿಯಾಗಿ ಮಂಜೂರು ಮಾಡಲಾಗಿದೆ. ಮರುಪರೀಕ್ಷೆಗೆ ಎಷ್ಟು ದಿನ ಬೇಕೆಂದು ಅಂಗಡಿಯವರು ತಿಳಿಸಬೇಕು."

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಪೂರ್ತಿ ಮುಖ, ಬಲಗೆನ್ನೆಯ ಸಮೇತ.

"ಬೇಡದ ಸಾಲೆಲ್ಲ ಸ್ಕೇಲು ಇಟ್ಟು ಹೊಡೆದು ಹಾಕಿದ್ರಿ, ನಾನೇ ನೋಡಿದ್ದೀನಿ. ಈ ಎರಡನ್ನ ಯಾಕೆ ಬಿಟ್ರಿ?"

"ಅಚ್ಚಾಗಿದ್ದ ಸಾಲು."

"ಹೊಡೆದದ್ದೂ ಅಚ್ಚಾಗಿದ್ದೇ."

ಗುಲಗಂಜಿ ಕನ್ನಡಕ ತೆಗೆದು ಒರೆಸಿದ. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ. "ನಿಯಮ ನಿಯಮವೇ. ಎಲ್ಲ ತಕ್ಕಡಿಗೂ ಒಂದೇ," ಎಂದ. ಆಮೇಲೆ ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿ, "ಬಲಗಡೆಯಿಂದಾನೂ ಚಂದ ಇದ್ದೀಯ," ಎಂದ.

"ಎಷ್ಟು ದಿನ ಬೇಕು ಅಂತ ಬರೀಲಿ ಅಪ್ಪ?" ಎಂದು ಮಗಳು ಕೇಳಿದಳು. "ತಕ್ಕಡಿಗಾದ್ರೆ ನೀನು ಅರ್ಧ ಗಂಟೆ ತಗೋತೀಯ."

ಗುಲಗಂಜಿ ಮರುಪರೀಕ್ಷೆಯ ದಿನಚರಿ ಪುಸ್ತಕ ತೆರೆದ. ಮುಂದಿನ ವರ್ಷದ ಪುಟದಲ್ಲಿ ಕಿರಾಣಿಯವನ ಮುಳ್ಳಿನ ತಕ್ಕಡಿಗೂ ಅಕ್ಕಸಾಲಿಯ ಗಾಜಿನ ತಕ್ಕಡಿಗೂ ನಡುವೆ ಒಂದು ಸಾಲು ಖಾಲಿ ಇತ್ತು. ಅಲ್ಲಿ 'ಮಗಳು' ಎಂದು ಬರೆದ. ಯೋಚಿಸಿದ. ಅವಳು ಏಳಕ್ಕೆ ಮೊದಲು ನಂಬುವಂತಿಲ್ಲ, ಪರೀಕ್ಷೆ ಎರಡೆರಡು ಸಲ ಆಗಬೇಕು, ದೂರದ ಪ್ರಯಾಣ ಮಾಡಿ ಬಂದ ಉಪಕರಣ ಮೊದಲು ಒಂದಷ್ಟು ದಿನ ಅಲುಗಾಡದೆ ಕೂರಬೇಕು.

"ನಲವತ್ತೊಂದು ದಿನ," ಎಂದ.

"ನಲವತ್ತು ಅಂತ ಬರೀಲಾ?"

"ನಲವತ್ತೊಂದು," ಎಂದ ಗುಲಗಂಜಿ.